ಬೀಗಿತ್ತಿ ತನ್ನದನ್ನೇ ಪರೀಕ್ಷಿಸಿದ್ದು

ಬೀಗಿತ್ತಿ ಸೋಮವಾರ ಬೆಳಿಗ್ಗೆ ಹತ್ತೂಕಾಲಿಗೆ ಆಸ್ಪತ್ರೆಯಲ್ಲಿ ತೀರಿಕೊಂಡಳು. ಐವತ್ತಾರು ವರ್ಷ. ಹೊಟ್ಟೆಯ ಕ್ಯಾನ್ಸರ್.

ಬೀಗಿತ್ತಿ ಎಂಬ ಹೆಸರು ಆಫೀಸಿನವರು ಇಟ್ಟದ್ದು. ರೋಗಿಯ ನರಕ್ಕೆ ಹನಿಹನಿಯಾಗಿ ಔಷಧಿ ಬಿಡುವ ಯಂತ್ರಗಳಿಗೆ ಅವರು ಪ್ರೋಗ್ರಾಂ ಬರೆಯುತ್ತಿದ್ದರು. ಅದಕ್ಕೆಂದೇ ಪುಟ್ಟದೊಂದು ಪ್ರೋಗ್ರಾಮಿಂಗ್ ಭಾಷೆ ಕಟ್ಟಿಕೊಂಡಿದ್ದರು. ಭಾಷೆ ಸಾಲದೆ ಬಂದಾಗ ಯಾರು ಯಾರೋ ತಂತಮ್ಮ ಮೂಲೆಯಲ್ಲಿ ಕೂತು ಅದಕ್ಕೆ ಹೊಸ ಸೌಲಭ್ಯ ಸೇರಿಸುತ್ತಿದ್ದರು. ಅಂಥ ಸೇರ್ಪಡೆಗಳು ಒಂದೇ ಪ್ರೋಗ್ರಾಮಿನಲ್ಲಿ ಕೂಡಿ ಬಾಳುತ್ತವೆಯೇ ಎಂದು ನೋಡುವುದು ಅವಳ ಕೆಲಸ. "ಎರಡು ಮನೆಯೋರೂ ಹಸುವಿನಂಥೋರೇ. ಬೀಗತನ ಆದ್ಮೇಲೆ ಗೊತ್ತಾಗೋದು," ಎನ್ನುತ್ತಿದ್ದಳು. ಮುಡಿಗೆ ಸಿಕ್ಕಿಸಿಕೊಂಡ ಪೆನ್ಸಿಲನ್ನೇ ಮನೆಯೆಲ್ಲ ಹುಡುಕುವವಳು. ಜೊತೆಗಿದ್ದ ಅತ್ತಿಗೆ ನಗುತ್ತ ಕಿತ್ತು ಕೈಗೆ ಕೊಡುವಳು.

ಬೀಗತನದ ಮಾತು ಅವಳು ಕಲಿತದ್ದು ಒಂದು ಸಾವಿನಿಂದ. ಹನ್ನೊಂದು ವರ್ಷದ ಹಿಂದೆ ಪಕ್ಕದ ಮೇಜಿನ ಗೆಳೆಯ ಒಂದು ಸೇರ್ಪಡೆ ಬರೆದಿದ್ದ. ರೋಗಿಯ ತೂಕ ನೋಡಿ ಔಷಧಿಗೆ ಮಿತಿ ಹಾಕಿ, ಎಷ್ಟು ಒಳಗೆ ಹೋಯಿತೆಂದು ಅದು ಲೆಕ್ಕವಿಡುತ್ತಿತ್ತು. ಅವಳದು ಹನಿಯನ್ನು ನಡುವೆ ನಿಲ್ಲಿಸಿ ಮತ್ತೆ ಶುರು ಮಾಡುವಂಥದ್ದು. ಬಿಡಿಬಿಡಿಯಾಗಿ ಎರಡೂ ಎಲ್ಲ ಪರೀಕ್ಷೆ ದಾಟಿದ್ದವು. ಎರಡೂ ಕೂಡಿದ ಯಂತ್ರವೊಂದು, ನಿಲ್ಲಿಸಿ ಶುರು ಮಾಡಿದ ಮೇಲೆ, ಪೂರ್ತಿ ಔಷಧಿಯನ್ನು ಇನ್ನೊಂದು ಸಲ ಬಿಟ್ಟಿತು. ಮೂರು ದಿನದ ಬಾಣಂತಿ ಹೋದಳು.

ವಿಚಾರಣೆಯಲ್ಲಿ "ನನ್ನದು ಸರಿಯಿದೆ" ಎಂದಳು, ನಂಬಿಯೇ ಹೇಳಿದಳು. ವರದಿಯಲ್ಲಿ ಕಾರಣದ ಸಾಲಿಗೆ ಗೆಳೆಯನ ಹೆಸರು ಬಿತ್ತು. ಅವನ ಸೇರ್ಪಡೆಯನ್ನು ಕಿತ್ತುಹಾಕಿದರು, ಅವನನ್ನೂ. ಅವನೀಗ ಫೋನ್ ರಿಪೇರಿ ಅಂಗಡಿಯಲ್ಲಿ ಕೂರುತ್ತಾನೆ. ಅವಳದು ಸಾವಿರಾರು ಯಂತ್ರಗಳಲ್ಲಿ ಉಳಿಯಿತು. ಗೆಳೆತನವೂ ಉಳಿಯಿತು; ಆ ಮಾತು ಮಾತ್ರ ಇಬ್ಬರೂ ಎತ್ತಲಿಲ್ಲ.

ಆಮೇಲೆ ಅವಳು ಒಂದು ನಿಯಮ ತಂದಳು. ನೂರು ಸೇರ್ಪಡೆಗಳನ್ನು ಜೋಡಿ ಮಾಡಿ ಮಾಡಿ ನೋಡುತ್ತ ಕೂತರೆ ಜನ್ಮ ಸಾಲದು. ಪ್ರತಿಯೊಂದೂ ಒಂಟಿಯಾಗಿದ್ದಾಗಲೇ ಮಾತು ಕೊಡಬೇಕು: ನಾನು ತರದಿದ್ದನ್ನು ನಾನು ಮುಟ್ಟುವುದಿಲ್ಲ. ಆ ಮಾತು ಉಳಿಸಿಕೊಂಡವು ಯಾವುದರ ಜೊತೆಗೂ ಕೂಡಬಹುದು. ಅದನ್ನು ಪರೀಕ್ಷಿಸುವ ಪ್ರೋಗ್ರಾಮನ್ನೂ ಬರೆದಳು. ನಿಯಮಕ್ಕಿಂತ ಹಳೆಯವಕ್ಕೆ ವಿನಾಯಿತಿ ಇತ್ತು, ಅವಳದಕ್ಕೂ. ಹಳೆಯದನ್ನು ಕೆದಕಲು ಪುರುಸೊತ್ತಿಲ್ಲ ಎನ್ನುತ್ತಿದ್ದಳು.

ಸಾಯುವ ಹಿಂದಿನ ದಿನ, ಭಾನುವಾರ ಮಧ್ಯಾಹ್ನ, ನರ್ಸ್ ಅವಳ ಹಾಸಿಗೆಯ ಪಕ್ಕದ ಯಂತ್ರ ನಿಲ್ಲಿಸಿ, ಸೂಜಿ ಸರಿಮಾಡಿ, ಮತ್ತೆ ಶುರು ಮಾಡಿ ಹೋದಳು. ತನ್ನದೇ ಸೇರ್ಪಡೆಯಿದ್ದ ಆ ಯಂತ್ರದ ಪರದೆಯನ್ನೇ ನೋಡುತ್ತಿದ್ದ ಬೀಗಿತ್ತಿ, ನೋಡಲು ಬಂದಿದ್ದ ಗೆಳೆಯನಿಗೆ ಲ್ಯಾಪ್‌ಟಾಪ್ ಕೊಡೆಂದಳು.

"ಸಾಯೋಕಾದ್ರೂ ರಜಾ ಹಾಕು ತಾಯಿ."

"ಅರ್ಜಿ ನೀನೇ ಬರಿ. ಈಗ ಕೊಡೋ."

ತನ್ನ ಹಳೆಯ ಸೇರ್ಪಡೆಯನ್ನು ತನ್ನದೇ ಪರೀಕ್ಷೆಗೆ ಒಡ್ಡಿದಳು. ಎರಡನೇ ಹಂತದಲ್ಲೇ ಬಿತ್ತು. ಮತ್ತೆ ಶುರುವಾಗುವಾಗ ಅದು ತಾನು ತರದ ಲೆಕ್ಕಗಳನ್ನೆಲ್ಲ, ಎಷ್ಟು ಔಷಧಿ ಹೋಯಿತೆಂಬುದನ್ನೂ, ಸೊನ್ನೆ ಮಾಡುತ್ತಿತ್ತು. ಗೆಳೆಯನದನ್ನು ಹುಡುಕಿ ಹಾಕಿದಳು. ಅದು ಎಲ್ಲ ಹಂತ ದಾಟಿತು. ಪರದೆಯನ್ನು ಅವನತ್ತ ತಿರುಗಿಸಿದಳು.

"ನಿಂಗೆ ಗೊತ್ತಿತ್ತೇನೋ?"

"ಅನುಮಾನ ಇತ್ತು ಕಣೇ."

"ಹನ್ನೊಂದು ವರ್ಷ ಬಾಯಿ ಬಿದ್ದು ಹೋಗಿತ್ತಾ?"

"ಹೇಳಿದ್ರೆ ನಂಬ್ತಿದ್ಯಾ?"

ಅವಳು ವಿಚಾರಣೆಯ ಹಳೆಯ ವರದಿ ತೆರೆದಳು. "ನಾನು ಕೀ ಒತ್ಲಾ?" ಎಂದು ಅವನು ಕೈಚಾಚಿದ, ಬೇಡವೆಂದು ತಲೆಯಾಡಿಸಿದಳು. ಕಾರಣದ ಸಾಲಿನಲ್ಲಿದ್ದ ಅವನ ಹೆಸರನ್ನು ಒಂದೊಂದೇ ಅಕ್ಷರವಾಗಿ ಅಳಿಸಿ, ಅಪ್ಪ ಇಟ್ಟ ತನ್ನ ಪೂರ್ತಿ ಹೆಸರು ಬರೆದಳು. ಕೆಳಗೆ "ಈ ಸೇರ್ಪಡೆ ಇರುವ ಯಂತ್ರಗಳನ್ನೆಲ್ಲ ವಾಪಸ್ ತರಿಸಿ" ಎಂದು ಸೇರಿಸಿ, ಆಫೀಸಿಗೆ ಕಳಿಸಿದಳು.