ಏರಿನಲ್ಲಿ ಸೋತ ಬಸ್ಸು

ಮೊನ್ನೆ ಕ್ಯಾತ್ಸಂದ್ರದ ಹೆದ್ದಾರಿ ಪಕ್ಕದ ಹೋಟೆಲಿನಲ್ಲಿ ಕಾಫಿ ಕುಡಿಯುತ್ತಿದ್ದೆ. ಲಾರಿಯೊಂದು ಏದುಸಿರು ಬಿಡುತ್ತಾ ಬಂದು ನಿಂತಿತು. ಡ್ರೈವರ್ ಇಳಿದು ಬಾನೆಟ್ ಎತ್ತಿದ. ಕೆಂಪಗೆ ಕಾದ ಬೀಡು ಕಬ್ಬಿಣದ ವಾಸನೆ, ಅದರ ಜೊತೆಗೆ ಅರೆಬೆಂದ ಡೀಸೆಲ್ಲಿನ ಕಮಟು... ಕಾಫಿ ಇನ್ನೂ ಅರ್ಧ ಇತ್ತು. ಲೋಟ ಕೆಳಗಿಟ್ಟು ಎದ್ದು ಬಂದೆ.

ಎಪ್ಪತ್ತರ ದಶಕದ ಕೊನೆಗೆ, ಗುಬ್ಬಿಯಿಂದ ತುಮಕೂರಿನ ಮೇಲೆ ಕುಣಿಗಲ್‌ಗೆ ಹೋಗುವ ಖಾಸಗಿ ಬಸ್ಸೊಂದಕ್ಕೆ ನಾನು ಕಂಡಕ್ಟರ್ ಆಗಿ ಸೇರಿದೆ. ಬಸ್ಸಿನ ಒಡೆಯರನ್ನು ಎಲ್ಲರೂ ಸಾಹುಕಾರರು ಎನ್ನುತ್ತಿದ್ದರು. ಸಾಹುಕಾರಿಕೆ ಬಾಯಿಮಾತಿಗಷ್ಟೇ. ಇದ್ದದ್ದು ಆ ಒಂದೇ ಬಸ್ಸು, ಅದೂ ಪರರ ಲಾರಿ ಓಡಿಸಿ ಸೊಂಟ ಸವೆಸಿಕೊಂಡು ಸಂಪಾದಿಸಿದ್ದು. ಹೆಂಡತಿ ಬೇಗ ತೀರಿಹೋಗಿದ್ದರಿಂದ ಒಬ್ಬಳೇ ಮಗಳಿಗೆ ತಾವೇ ಜಡೆ ಹಾಕಿ, ತಾವೇ ಸಾರು ಕುದಿಸಿ ಬೆಳೆಸಿದ್ದರು. ಆ ಮಗಳನ್ನು ನಮ್ಮ ಬಸ್ಸಿನ ಡ್ರೈವರಿಗೇ ಕೊಟ್ಟು ಮದುವೆ ಮಾಡಿದರು. ಅಳಿಯ ಹೆಚ್ಚು ಮಾತಿನವನಲ್ಲ. ಮಾವನ ಎದುರು ಕೂತು ಊಟ ಮಾಡುವುದಕ್ಕೂ ಸಂಕೋಚಪಡುವಂಥವನು.

ಎಂಬತ್ತರ ದಶಕ ಅರ್ಧ ಕಳೆದಿತ್ತು. ನಮ್ಮದೇ ದಾರಿಗೆ, ನಮ್ಮದೇ ಸಮಯಕ್ಕೆ ಸರಿಯಾಗಿ ಒಂದು ಹೊಸ ಬಸ್ಸು ಬಂತು. ಗೂಳೂರಿನ ಆಚೆಯ ಏರಿನಲ್ಲಿ ಅದು ನಮ್ಮನ್ನು ಹಿಂದೆ ಹಾಕಿ ಹೋಗುತ್ತಿತ್ತು. ಮುಂದಿನ ಸ್ಟಾಪಿನ ಜನರೆಲ್ಲ ಅದಕ್ಕೇ ಹತ್ತುತ್ತಿದ್ದರು. ಸಾಹುಕಾರರು ಬೆಂಗಳೂರಿಗೆ ಹೋಗಿ ಟರ್ಬೋ ತಂದರು. ಇಂಜಿನ್ ಉಗುಳುವ ಹೊಗೆಯ ರಭಸದಿಂದಲೇ ತಿರುಗಿ, ಇಂಜಿನ್ನಿಗೆ ಇನ್ನಷ್ಟು ಗಾಳಿ ಊದುವ ಯಂತ್ರ ಅದು. ಜೊತೆಗೆ ಡೀಸೆಲ್ ಪಂಪನ್ನೂ ಟ್ಯೂನ್ ಮಾಡಿಸಿದರು. ಮೊದಲ ದಿನ ಅದೇ ಏರನ್ನು ಬಸ್ಸು ಸೀಟಿ ಹೊಡೆಯುತ್ತಾ ಹತ್ತಿದಾಗ ಅವರು ನನ್ನ ಭುಜ ಹಿಡಿದು ಅಲುಗಾಡಿಸಿಬಿಟ್ಟರು. "ಕುದ್ರೆ ಕಣೋ ಇದು! ಕುಣಿಗಲ್ ಫಾರಂ ಕುದ್ರೆ!"

ಆ ಖುಷಿ ಬಹಳ ದಿನ ಉಳಿಯಲಿಲ್ಲ. ಬಸ್ಸು ಮತ್ತೆ ಏರಿನಲ್ಲಿ ಸೋಲತೊಡಗಿತು. ಮೊದಲಿಗಿಂತಲೂ ಕಡೆಯಾಗಿ, ಕಪ್ಪು ಹೊಗೆ ಉಗುಳುತ್ತಾ. ಸಾಹುಕಾರರು ಬೆಳಗ್ಗೆ ಟ್ರಿಪ್ಪಿಗೆ ಮುಂಚೆ ಇಂಜಿನ್ ಮೇಲೆ ಬಗ್ಗಿ ನಿಲ್ಲುತ್ತಿದ್ದರು. ಗಾಳಿಯ ಫಿಲ್ಟರ್ ತೊಳೆದರು. ರಬ್ಬರ್ ಪೈಪುಗಳ ಕ್ಲಿಪ್ಪು ಬಿಗಿ ಮಾಡಿದರು. ಇಂಜೆಕ್ಟರುಗಳನ್ನು ತುಮಕೂರಿಗೆ ಒಯ್ದು ಪರೀಕ್ಷೆ ಮಾಡಿಸಿ ತಂದರು. ಎಲ್ಲವೂ ಸರಿಯಾಗಿಯೇ ಇದ್ದವು. ಗ್ಯಾರೇಜಿಗೆ ಬಿಡೋಣ ಎಂದರೆ ಒಪ್ಪುತ್ತಿರಲಿಲ್ಲ. ಗಾಡಿ ನಿಂತರೆ ಜನ ಹೊಸ ಬಸ್ಸಿಗೇ ಒಗ್ಗಿಹೋಗುತ್ತಾರೆ ಎಂಬ ಭಯ.

ಕೊನೆಗೆ ಅವರ ಹಳೆಯ ಲಾರಿ ಅನುಭವವೇ ಅವರಿಗೆ ಬುದ್ಧಿ ಹೇಳಿತು. ಭಾರ ಎಳೆಯದ ಇಂಜಿನ್ನಿಗೆ ಹೊಟ್ಟೆಗೆ ಡೀಸೆಲ್ ಸಾಲದು ಎಂದರ್ಥ. ಪಂಪಿನ ತಿರುಪು ಇನ್ನಷ್ಟು ತಿರುಗಿಸಿ ಡೀಸೆಲ್ ಹೆಚ್ಚಿಸಿದರು. ಬಸ್ಸು ಒಂದೆರಡು ದಿನ ಎಳೆದು ಮತ್ತೆ ಸೋತಿತು. ಇವರು ಮತ್ತೆ ತಿರುಗಿಸಿದರು.

ಒಂದು ಬೆಳಗ್ಗೆ ಗುಬ್ಬಿ ಬಸ್‌ಸ್ಟ್ಯಾಂಡಿನಲ್ಲಿ ಅಳಿಯ ಅಂದ, "ಮಾವ, ಬಾನೆಟ್ ಹತ್ರ ಕಾಲಿಡಕ್ಕಾಗ್ತಿಲ್ಲ. ಸುಡ್ತದೆ. ಬುಸ್ ಅಂತ ಏನೋ ಸದ್ದು ಬೇರೆ."

"ಟರ್ಬೋ ಸೀಟಿ ಕಣೋ ಅದು. ಬಿಸಿ ಇದ್ದೇ ಇರ್ತದೆ. ಒಂದು ಗೋಣಿತಾಟು ಮಡಿಸಿ ಹಾಕ್ಕೋ."

ಅಳಿಯ ಗೋಣಿತಾಟು ಮಡಿಸಿ ಹಾಕಿಕೊಂಡ.

ಅದೇ ದಿನ ಮಧ್ಯಾಹ್ನ ಕುಣಿಗಲ್‌ಗೆ ಎರಡನೇ ಟ್ರಿಪ್ಪು ಹೋಗುವಾಗ ಅದೇ ಏರಿನ ನಡುವೆ ಬಾನೆಟ್ಟಿನ ಸಂದಿಯಿಂದ ಬೆಂಕಿ ಎದ್ದಿತು. ಬಸ್ಸಿನ ತುಂಬ ಜನ. ಅಳಿಯ ಬಸ್ಸು ನಿಲ್ಲಿಸಿದ. ಆದರೆ ಏರು, ಹ್ಯಾಂಡ್‌ಬ್ರೇಕ್ ಹಿಡಿಯಲಿಲ್ಲ, ಬಸ್ಸು ಹಿಂದಕ್ಕೆ ಜಾರಿತು. ಹಿಂದೆ ಆಳವಾದ ಹಳ್ಳ. ಅವನು ಕಾಲು ಬ್ರೇಕಿನ ಮೇಲೆ ಒತ್ತಿ ಹಿಡಿದು ಕೂಗಿದ, "ಕಲ್ಲು ಕೊಡೋ ಚಕ್ರಕ್ಕೆ! ಜನ ಇಳ್ಸೋ!"

ನಾನು ಹಾರಿ ಚಕ್ರಕ್ಕೆ ಕಲ್ಲು ಕೊಟ್ಟೆ. ಜನ ಒಬ್ಬರ ಮೇಲೊಬ್ಬರು ಬಿದ್ದು ಹಿಂದಿನ ಬಾಗಿಲಿನಿಂದ ಇಳಿದರು. ಅಷ್ಟು ಹೊತ್ತೂ ಅವನು ಉರಿಯುವ ಬ್ರೇಕಿನಿಂದ ಕಾಲು ತೆಗೆಯಲಿಲ್ಲ. ಕಲ್ಲು ಕಚ್ಚಿದ ಮೇಲೆ ಬಾಗಿಲು ತೆಗೆದು ಹೊರಗೆ ಬಿದ್ದ. ಆ ಹೊತ್ತಿಗೆ... ಬೇಡ, ಅದನ್ನು ಬರೆಯಲಾರೆ. ಹಾದುಹೋಗುತ್ತಿದ್ದ ಲಾರಿಯೊಂದರಲ್ಲಿ ತುಮಕೂರಿಗೆ, ಅಲ್ಲಿಂದ ಬೆಂಗಳೂರಿಗೆ ಸಾಗಿಸಿದೆವು. ಅವನು ತಿರುಗಿ ಬರಲಿಲ್ಲ.

ಡೀಸೆಲ್ ಪೈಪು ಒಡೆದು ಆದ ಆಕಸ್ಮಿಕ ಎಂದು ಪೊಲೀಸರು ಬರೆದುಕೊಂಡರು. ಯಾರೂ ಯಾರನ್ನೂ ದೂರಲಿಲ್ಲ. ಆದರೆ ಸಾಹುಕಾರರು ನನ್ನನ್ನು ಕರೆದುಕೊಂಡು ಸುಟ್ಟ ಬಸ್ಸಿನ ಬಳಿಗೆ ಹೋದರು. ಇಂಜಿನ್ನಿಂದ ಟರ್ಬೋಗೆ ಹೊಗೆ ಒಯ್ಯುವ ಬೀಡು ಕಬ್ಬಿಣದ ಕೊಳವೆಯನ್ನು ಬಿಚ್ಚಿ ತಿರುಗಿಸಿದರು. ಅಡಿಯಲ್ಲಿ ಬೆರಳಿನುದ್ದದ ಬಿರುಕು. ಅದು ತಣ್ಣಗಿದ್ದಾಗ ಮುಚ್ಚಿಕೊಳ್ಳುತ್ತಿತ್ತು, ಕಾದಾಗ ಬಾಯಿಬಿಡುತ್ತಿತ್ತು. ಅವರು ನೋಡುತ್ತಿದ್ದದ್ದೆಲ್ಲ ಬೆಳಗಿನ ತಣ್ಣನೆಯ ಇಂಜಿನ್ನನ್ನು. ಟರ್ಬೋ ತಿರುಗಿಸಬೇಕಾದ ಹೊಗೆ ಆ ಬಿರುಕಿನಲ್ಲಿ ಸೋರಿಹೋಗುತ್ತಿತ್ತು, ಅದಕ್ಕೇ ಶಕ್ತಿ ಇರಲಿಲ್ಲ. ಹೆಚ್ಚು ಡೀಸೆಲ್ ಕೊಟ್ಟಷ್ಟೂ ಕೊಳವೆ ಹೆಚ್ಚು ಕಾದು, ಬಿರುಕು ಹೆಚ್ಚು ಬಿರಿದು, ಆ ಬೆಂಕಿಯಂಥ ಗಾಳಿ ಪಕ್ಕದ ಡೀಸೆಲ್ ಪೈಪನ್ನು ಸುಟ್ಟಿತ್ತು.

ಅವರು ಬಿರುಕಿನ ಮೇಲೆ ಬೆರಳಾಡಿಸಿದರು. "ಜ್ವರ ಬಂದೋರ್ಗೆ ಹೋಳ್ಗೆ ಉಣ್ಸಿದೀನಿ ಕಣೋ..."

ತಿಥಿಯ ಕೆಲಸಗಳು ಮುಗಿದ ಮೇಲೆ, ಮಗಳಿಗೆ ಎಲ್ಲ ಹೇಳಿಬಿಡುತ್ತೇನೆ ಎಂದರು. ನಾನು ಕೈ ಹಿಡಿದುಕೊಂಡೆ. "ಬುಡಿ ಸಾವ್ಕಾರ್ರೆ. ಹೇಳಿ ಏನಾಗ್ಬೇಕು? ಹೋದೋನು ಬತ್ತಾನಾ?"

"ಕಾಲು ಸುಡ್ತದೆ ಅಂತ ಅವ್ನು ಹೇಳಿದ್ನಲ್ಲೋ. ಅದು ಅವ್ಳ್ಗೆ ಗೊತ್ತಾಗ್ದೆ ಇದ್ರೆ ಅವ್ನ ಮಾತು ಗಾಳೀಗೆ ಹೋಯ್ತು. ಬದುಕಿದ್ದಾಗ್ಲೂ ನಾನು ಕೇಳ್ಳಿಲ್ಲ."

ಹೇಳಿದರು. ನಾನು ಹೊರಗೆ ಅವಳ ಮನೆಯ ಜಗಲಿಯ ಮೇಲಿದ್ದೆ. ಸ್ವಲ್ಪ ಹೊತ್ತಾದ ಮೇಲೆ ಅವರು ಚಪ್ಪಲಿ ಕೈಯಲ್ಲಿ ಹಿಡಿದುಕೊಂಡೇ ಹೊರಗೆ ಬಂದರು. ಹಿಂದೆ ಬಾಗಿಲು ಮುಚ್ಚಿತು.

ಆಮೇಲೆ ಅವರು ಕುಣಿಗಲ್‌ನಲ್ಲಿ ಮರದ ಡಿಪೋ ಒಂದರ ಕಾವಲಿಗೆ ಸೇರಿದರು. ಬಿಡುವು ಸಿಕ್ಕಾಗಲೆಲ್ಲ ಗುಬ್ಬಿಗೆ ಬಂದು, ಮಗಳ ಮನೆಯ ಎದುರಿನ ಬೇವಿನ ಕಟ್ಟೆಯ ಮೇಲೆ ಕೂರುತ್ತಿದ್ದರು. ಕರೆಯುತ್ತಿರಲಿಲ್ಲ, ಬಾಗಿಲು ತಟ್ಟುತ್ತಿರಲಿಲ್ಲ. ಒಮ್ಮೆ ಬಿರುಬಿಸಿಲಿನಲ್ಲಿ ಆಕೆ ಒಂದು ಚೊಂಬು ನೀರು ತಂದು ಕಟ್ಟೆಯ ತುದಿಯಲ್ಲಿಟ್ಟು, ಮುಖ ನೋಡದೆ ಒಳಗೆ ಹೋದಳಂತೆ. ಅದನ್ನು ಅವರೇ ನನಗೆ ಹೇಳಿದ್ದು. ಹೇಳುವಾಗ ಮಕ್ಕಳ ಹಾಗೆ ಬಿಕ್ಕಿದರು. ಮುಂದಿನ ಚಳಿಗಾಲದಲ್ಲಿ ಡಿಪೋದಲ್ಲೇ ಹೋಗಿಬಿಟ್ಟರು...

ಸುದ್ದಿ ಮುಟ್ಟಿಸಿದವನು ನಾನೇ. ಆಕೆ ಹೊಸಿಲಿನಲ್ಲಿ ನಿಂತು ಕೇಳಿಸಿಕೊಂಡಳು. ಎದುರಿನ ಬೇವಿನ ಕಟ್ಟೆಯ ಕಡೆ ನೋಡುತ್ತಾ ಅಂದಳು, "ಅವತ್ತು ಒಂದು ಸುಳ್ಳು ಹೇಳಿದ್ರೆ ಅಪ್ಪನಾದ್ರೂ ನಂಗೆ ಉಳೀತಿದ್ರು ಕಣಣ್ಣ."

ಈಗ ಆ ಏರನ್ನು ಕಡಿದು ರಸ್ತೆ ಸಮ ಮಾಡಿದ್ದಾರೆ. ಆಕೆ ಗುಬ್ಬಿಯಲ್ಲೇ ಇದ್ದಾಳೆ, ತಲೆ ಬೆಳ್ಳಗಾಗಿದೆ. ಸಿಕ್ಕಾಗ ಆರೋಗ್ಯ, ಮಳೆ, ಬೆಳೆ ಅಂತ ಮಾತಾಡುತ್ತೇವೆ.