ನೀಲಾವತಿಯ ಒಲೆಯ ಹಿಂದಿನ ಗೋಡೆ

ನೀಲಾವತಿ ಇರುವ ಕೂಲಿ ಲೈನಿಗೆ ತೋಟದವರು ಒಂದು ಟ್ರ್ಯಾಕ್ಟರ್ ಸೌದೆ ಕೊಡಬೇಕು. ಇವತ್ತಿನವರೆಗೂ ಕೊಟ್ಟಿಲ್ಲ.

ಕಕ್ಕಬೆಯಿಂದ ಮೇಲಕ್ಕೆ, ಜೀಪು ಕೂಡ ಏದುಸಿರು ಬಿಡುವ ಜಾಗದಲ್ಲಿ ಆ ಕಾಫಿ ತೋಟ ಇದೆ. ಮಳೆಗೆ ಮುಂಚೆ ಕಾಫಿ ಗಿಡಗಳ ಮೇಲಿನ ನೆರಳುಮರಗಳ ಕೊಂಬೆ ಕಡಿಯುತ್ತಾರೆ. ಮರಗಸಿ ಅನ್ನುತ್ತಾರೆ ಅದಕ್ಕೆ. ಆ ಕೊಂಬೆಯಲ್ಲಿ ಕೆಲಸದವರ ಲೈನ್‌ಮನೆಗಳಿಗೆ ಮಳೆಗಾಲ ಕಳೆಯುವಷ್ಟು ಸೌದೆ ಹಾಕಿಸುವುದು ಮೊದಲಿಂದ ನಡೆದುಬಂದದ್ದು. ಯಾರ ದಾನವೂ ಅಲ್ಲ, ಕೂಲಿಯ ಒಂದು ಭಾಗ.

ಕಳೆದ ಬೇಸಿಗೆಯಲ್ಲಿ ಮರ ಹತ್ತಿ ಕೊಂಬೆ ಕಡಿದವನು ನೀಲಾವತಿಯ ಗಂಡ ಮಾಯಿಲಪ್ಪ. ಕೆಳಗೆ ನಿಂತು ಎಳೆದು ಒಟ್ಟಿದವಳು ಅವಳೇ. ಲಾರಿ ಬಂತು, ತುಂಬಿಸಿಕೊಂಡು ಹೋಯಿತು. ಹೋಂಸ್ಟೇಗಳಲ್ಲಿ ಸಂಜೆ ಹೊತ್ತು ಕ್ಯಾಂಪ್‌ಫೈರ್ ಹಾಕಬೇಕಲ್ಲ. ತೋಟದ ಲೆಕ್ಕ ಬರೆಯುವ ರೈಟರ್ ಶಿವಪ್ರಕಾಶನನ್ನು ಅವಳು ಕೇಳಿದಾಗ, "ಮುಂದಿನ ಲೋಡ್ ನಿಮ್ಮದೇ" ಅಂದ. ಲೋಡಿಗಿಂತ ಮೊದಲು ಮಳೆ ಬಂತು.

ನೀಲಾವತಿ ಭಾಗಮಂಡಲದ ಕಡೆಯವಳು. ಗಿಡ್ಡ ಹೆಂಗಸು, ದೊಡ್ಡ ಗಂಟಲು. ನಮ್ಮ ತೋಟ ಕಾರ್ಮಿಕರ ಸಂಘದ ಸಭೆಗಳಿಗೆ ಬಂದು ಹಿಂದುಗಡೆ ಕೂರುತ್ತಿದ್ದಳು. ನಾವು ಹಕ್ಕು, ಕಾನೂನು, ಹೋರಾಟ ಅಂತ ಭಾಷಣ ಬಿಗಿದು ಮುಗಿಸಿದ ಮೇಲೆ ಎದ್ದು, "ಅದೆಲ್ಲ ಸರಿ, ಸೌದೆ ಯಾವಾಗ ಬರ್ತದೆ?" ಅನ್ನುತ್ತಿದ್ದಳು. ಸಭೆ ನಗುತ್ತಿತ್ತು. ಅವಳು ನಗುತ್ತಿರಲಿಲ್ಲ.

ಲೈನಿನಲ್ಲಿ ಆರು ಮನೆ, ಒಂದಕ್ಕೊಂದು ಅಂಟಿಕೊಂಡವು. ನಡುವಿನ ಗೋಡೆಗಳು ಹಳೇ ಕಾಲದ ಮಣ್ಣಿಟ್ಟಿಗೆಯವು, ದಪ್ಪ. ನೀಲಾವತಿಯ ಒಲೆ ಇರುವುದು ಪಕ್ಕದ ಮನೆಯ ಜವರಿ ಮಲಗುವ ಕೋಣೆಯ ಗೋಡೆಗೆ ಒತ್ತಿಕೊಂಡು. ನೀಲಾವತಿ ಮದುವೆಯಾಗಿ ಬಂದ ವರ್ಷದಿಂದ ಈ ಗೋಡೆಯ ವಿಷಯಕ್ಕೆ ಇಬ್ಬರಿಗೂ ಜಗಳ. ಬೇಸಿಗೆ ಬಂತೆಂದರೆ ಜವರಿ ಆ ಕಡೆಯಿಂದ ಗೋಡೆ ಗುದ್ದುವಳು.

"ಅಕ್ಕಾ, ಒಲೆ ಆರಿಸು. ನನ್ನ ಬೆನ್ನು ಬೇಯ್ತದೆ."

"ಬೆಂದ್ರೆ ತಿರುಗಿ ಮಲಗು. ಇನ್ನೊಂದು ಕಡೆನೂ ಬೇಯ್ಲಿ."

ಆ ಮಳೆಗಾಲ ಜವರಿಯ ಮಗಳು ರಮ್ಯ ದಿನ ತುಂಬುವ ಮೊದಲೇ ಹೆತ್ತಳು. ಹೆಣ್ಣು ಮಗು, ಅಂಗೈ ಮೇಲೆ ಇಟ್ಟುಕೊಳ್ಳಬಹುದಾದಷ್ಟು. ಆಸ್ಪತ್ರೆಯಲ್ಲಿ ಸ್ವಲ್ಪ ದಿನ ಇಟ್ಟುಕೊಂಡು, ತೂಕ ಏರಿದ ಮೇಲೆ ಕಳಿಸಿದರು. ಮಗುವನ್ನು ಬರಿ ಎದೆಗೆ ಕಟ್ಟಿಕೊಂಡಿರು, ಏನೇ ಆದರೂ ತಣ್ಣಗಾಗಲು ಬಿಡಬೇಡ ಎಂದು ನರ್ಸಮ್ಮ ಹೇಳಿಕೊಟ್ಟಿದ್ದರು. ಬಾಣಂತಿಯ ಕೋಣೆಗೆಂದು ಜವರಿ ಹಿಂದಿನ ವರ್ಷದ ಒಣ ಸೌದೆ ಒಂದು ಹೊರೆ ಅಟ್ಟದ ಮೇಲೆ ಎತ್ತಿಟ್ಟಿದ್ದಳು. ಇಡೀ ಲೈನಿನಲ್ಲಿ ಒಣಗಿದ್ದು ಅಂತ ಉಳಿದದ್ದು ಹೆಚ್ಚು ಕಡಿಮೆ ಅದೇ.

ಅಷ್ಟರಲ್ಲಿ ಮಾಯಿಲಪ್ಪ ಸತ್ತ. ಕಫ ಕಟ್ಟಿ ಜ್ವರ ಬಂದು, ಆಸ್ಪತ್ರೆಗೆ ಸಾಗಿಸುವಷ್ಟರಲ್ಲಿ ರಸ್ತೆಗೆ ಗುಡ್ಡ ಜಾರಿತ್ತು. ಸುದ್ದಿ ಕೇಳಿ ನಾನು ಕಾಲುದಾರಿಯಲ್ಲಿ ಹತ್ತಿಕೊಂಡು ಹೋದೆ. ಜಡಿಮಳೆ. ಕರೆಂಟು ಹೋಗಿ ಎಷ್ಟೋ ದಿನವಾಗಿತ್ತು. ಚಿತೆಗೆ ತಗಡಿನ ಮರೆ ಕಟ್ಟಿದೆವು, ಆದರೆ ಹಸಿ ಸೌದೆ ಹೆಣ ಸುಡುವುದಿಲ್ಲ. ಆ ಲೈನಿನಲ್ಲಿ ಯಾರು ಸತ್ತರೂ ಮನೆಗೊಂದು ಹೊರೆ ಕೊಡುವ ಕಟ್ಟಳೆ ಉಂಟು. ಎಲ್ಲರೂ ಇದ್ದದ್ದನ್ನು ತಂದು ಹಾಕಿದರು. ಜವರಿ ಅಟ್ಟ ಹತ್ತಿ ತನ್ನ ಹೊರೆ ಇಳಿಸಿ ತಂದಳು.

ಮಾಯಿಲಪ್ಪನ ಅಣ್ಣ ಕುಶಾಲಪ್ಪ ತಡೆದ. "ನಿನ್ನ ಮನೇಲಿ ಹಸುಗೂಸು ಉಂಟು. ತಗೊಂಡು ಹೋಗು."

"ಮರಗಸಿ ಮಾಡಿದವನನ್ನ ಅರ್ಧ ಸುಟ್ಟು ಬಿಡೋದುಂಟಾ?" ಅಂದಳು ಜವರಿ. ಹೊರೆ ಹಾಕಿ ಹೋದಳು.

ಮಾಯಿಲಪ್ಪ ಪೂರ್ತಿ ಸುಟ್ಟ.

ಮಾರನೇ ದಿನದ ಮಾತು ಇದು. ಸಾವಿನ ಮನೆಯಲ್ಲಿ ಕೆಲವು ದಿನ ಒಲೆ ಹಚ್ಚುವ ಹಾಗಿಲ್ಲ, ಅಕ್ಕಪಕ್ಕದವರೇ ಊಟ ತಂದುಕೊಡಬೇಕು. ನೀಲಾವತಿ ತಣ್ಣಗಾದ ಒಲೆಯ ಪಕ್ಕ ಗೋಡೆಗೆ ಒರಗಿ ಕೂತಿದ್ದಳು. ನಾವು ಜಗಲಿಯಲ್ಲಿದ್ದೆವು. ಗೋಡೆಯಾಚೆಯಿಂದ ಮಗುವಿನ ಅಳು ಬರುತ್ತಿತ್ತು. ಬೆಳಿಗ್ಗೆ ಅಳು ಅನ್ನುವ ಹಾಗಿದ್ದದ್ದು, ಮಧ್ಯಾಹ್ನಕ್ಕೆ ಬೆಕ್ಕಿನಮರಿಯ ಸದ್ದಾಗಿತ್ತು. ಜವರಿ ಹಸಿ ಸೌದೆ ಹಚ್ಚಲು ನೋಡಿದ್ದಳು. ಕೋಣೆ ತುಂಬ ಹೊಗೆಯಾಗಿ ಮಗು ಉಸಿರು ಕಟ್ಟಿ ನೀಲಿಯಾದಾಗ ನೀರೆರಚಿ ಆರಿಸಿದ್ದಳು. ಗ್ಯಾಸ್ ಸಿಲಿಂಡರ್ ಖಾಲಿಯಾಗಿ ಮೂಲೆ ಸೇರಿತ್ತು. ರಮ್ಯ ಮಗುವನ್ನು ಎದೆಗೆ ಕಟ್ಟಿಕೊಂಡೇ ಇದ್ದಳು, ಆದರೆ ಅವಳೇ ಗಡಗಡ ನಡುಗುತ್ತಿದ್ದಳು. ತಾಯಿಯ ಮೈಯೇ ತಣ್ಣಗಿದ್ದರೆ ಮಗುವಿಗೆ ಕೊಡುವುದೇನು?

ಅಳು ನಿಂತಿತು.

ನೀಲಾವತಿ ಗೋಡೆಗೆ ಕಿವಿ ಇಟ್ಟಳು. ಆಮೇಲೆ ಎದ್ದಳು. ಕತ್ತಿ ತೆಗೆದುಕೊಂಡು ತನ್ನ ಅಟ್ಟದ ಹಲಗೆಗಳನ್ನು ಕಿತ್ತು ಕಿತ್ತು ಕೆಳಗೆ ಎಸೆದಳು. ವರ್ಷಾನುಗಟ್ಟಲೆ ಒಲೆಯ ಹೊಗೆ ಕುಡಿದು ಕಪ್ಪಾಗಿ ಒಣಗಿದ ಹಲಗೆ. ಒಲೆಗೆ ತುರುಕಿ ಬೆಂಕಿ ಹಚ್ಚಿದಳು.

ಕುಶಾಲಪ್ಪ ಓಡಿಬಂದ. "ಎಂಥ ಮಾಡ್ತಿದ್ದಿ ನೀಲಾವತಿ? ನಿನ್ನೆ ಗಂಡನ್ನ ಸುಟ್ಟು ಇವತ್ತು ಒಲೆ ಹಚ್ಚುವುದಾ?"

"ಹೌದು ಭಾವ."

"ಸೂತಕ ಉಂಟು."

"ಸೂತಕ ನನ್ನ ಒಲೆಗೆ. ಗೋಡೆಗೆ ಇಲ್ಲ." ಹಲಗೆ ಮುರಿಯುವುದನ್ನು ಅವಳು ನಿಲ್ಲಿಸಲಿಲ್ಲ. "ನಾನು ಆ ಮನೆಗೆ ಕಾಲಿಡುವುದಿಲ್ಲ, ಅವರು ಈ ಕಡೆ ಬರುವುದು ಬೇಡ. ಬಿಸಿ ತಾನೇ ಹೋಗ್ತದೆ."

ಆಮೇಲೆ ಗೋಡೆಗೆ ಬಾಯಿಟ್ಟು ಕೂಗಿದಳು. "ಜವರಿ, ಮಂಚ ಎಳೆದು ಗೋಡೆಗೆ ತಾಗಿಸು. ರಮ್ಯನ ಬೆನ್ನು ಗೋಡೆಗೆ ಬರಲಿ. ಬೆಂದ್ರೆ ಗುದ್ದು."

ಒಂದು ಅಟ್ಟ ಎಷ್ಟು ಹೊತ್ತು ಉರಿದೀತು? ಅದೂ ಅವಳಿಗೆ ಗೊತ್ತಿತ್ತು. ಜಗಲಿಗೆ ಬಂದು ಲೈನಿಗೆಲ್ಲ ಕೇಳುವ ಹಾಗೆ ಹೇಳಿದಳು: ಇವತ್ತಿಂದ ಯಾರ ಮನೆಯಲ್ಲೂ ಒಲೆ ಬೇಡ, ಇರುವ ಸೌದೆ, ಅಕ್ಕಿ, ಪಾತ್ರೆ ಎಲ್ಲ ಇಲ್ಲಿಗೆ ತನ್ನಿ, ಒಬ್ಬರಾದ ಮೇಲೆ ಒಬ್ಬರು ಇದೇ ಒಲೆಯಲ್ಲಿ ಬೇಯಿಸಿಕೊಳ್ಳಿ.

ಯಾರೂ ಕದಲಲಿಲ್ಲ. ಸಾವಿನ ಮನೆಯ ಬೆಂಕಿಯಲ್ಲಿ ಬೆಂದ ಅನ್ನವನ್ನು ಯಾರು ತಿನ್ನುತ್ತಾರೆ? ಮೊದಲು ಬಂದವಳು ತುದಿಮನೆಯ ಮುದುಕಿ ದೊಡ್ಡಿ. ತಲೆಯ ಮೇಲೆ ಒದ್ದೆಯಾದ ಕಾಫಿ ಗಿಡದ ಬೊಡ್ಡೆ, ಕೈಯಲ್ಲಿ ಗಂಜಿ ಮಡಕೆ. "ನನಗೆ ಇನ್ನೆಷ್ಟು ಸೂತಕ ಬಾಕಿ ಉಂಟು" ಎಂದು ಗೊಣಗುತ್ತ ಒಲೆ ಮುಂದೆ ಕುಕ್ಕರಿಸಿದಳು. ಅವಳ ಹಿಂದೆ ಉಳಿದವರು ಬಂದರು. ಒದ್ದೆ ಸೌದೆಯನ್ನು ಒಲೆಯ ಸುತ್ತ ನಿಲ್ಲಿಸಿದರು. ಒಂದು ಉರಿಯುವಾಗ ಇನ್ನೊಂದು ಒಣಗುತ್ತಿತ್ತು. ಆರು ಒಲೆಯಲ್ಲಿ ಹೊಗೆಯಾಗಿ ಹಾಳಾಗಬೇಕಿದ್ದ ಸೌದೆ ಒಂದೇ ಒಲೆಯಲ್ಲಿ ಕೆಂಡವಾಯಿತು.

ಯಾರೋ ಒಣಮೀನು ಸುಡಲಿಟ್ಟರು. ಕುಶಾಲಪ್ಪನಿಗೆ ತಡೆಯಲಾಗಲಿಲ್ಲ. "ಸಾವಿನ ಮನೇಲಿ ಮೀನಾ?"

"ಸುಡಲಿ ಭಾವ. ನಿಮ್ಮ ತಮ್ಮನಿಗೆ ಅದರ ವಾಸನೆ ಅಂದ್ರೆ ಪ್ರಾಣ."

ನಾನು ಆಚೆ ಮನೆಗೆ ಹೋಗಿ ಆ ಗೋಡೆಗೆ ಅಂಗೈ ಇಟ್ಟು ನೋಡಿದೆ. ಪೊಲೀಸರ ಲಾಠಿಗೆ ಕದಲದೆ ಕೂತ ಜನರನ್ನು ಕಂಡವನು ನಾನು. ಸುಲಭಕ್ಕೆ ಬೆರಗಾಗುವ ಪೈಕಿ ಅಲ್ಲ. ಆದರೆ ಅಂಗೈ ಅಲ್ಲೇ ನಿಂತುಬಿಟ್ಟಿತು. ಹೊಗೆ ಇಲ್ಲ, ಬೆಳಕಿಲ್ಲ, ಬೆಂಕಿ ಕಾಣುವುದೇ ಇಲ್ಲ. ಬರೀ ಮಣ್ಣು. ಆ ಮಣ್ಣು ಜ್ವರ ಬಂದ ಮೈಯ ಹಾಗೆ ಬೆಚ್ಚಗಿತ್ತು. ರಮ್ಯನ ನಡುಕ ನಿಂತಿತ್ತು. ಅವಳ ಎದೆಯ ಮೇಲೆ ಅಷ್ಟು ಚಿಕ್ಕ ಬಾಯಿ ಮೊಲೆ ಹುಡುಕುತ್ತಿತ್ತು. ಆರು ಮನೆಯ ಅನ್ನ, ಸಾರು, ಗಂಜಿ ಬೆಂದ ಬಿಸಿಯೆಲ್ಲ ಆ ಗೋಡೆಯಲ್ಲಿ ಇಳಿದು ಒಂದು ಕೂಸನ್ನು ಸಾಯಲು ಬಿಡದೆ ಹಿಡಿದುಕೊಂಡಿತ್ತು.

ರಸ್ತೆ ತೆರೆಯುವ ತನಕ ಆ ಒಲೆ ಆರಲಿಲ್ಲ. ಮಾಯಿಲಪ್ಪ ಕಾಳುಮೆಣಸು ಕೊಯ್ಯುತ್ತಿದ್ದ ಬಿದಿರಿನ ಏಣಿ ಹೋಯಿತು. ಅವನ ಮಂಚ ಹೋಯಿತು. ನೀಲಾವತಿ ನೆಲದ ಮೇಲೆ ಮಲಗಿದಳು.

ಒಂದು ಮಧ್ಯಾಹ್ನ ಗೋಡೆಯಾಚೆಯಿಂದ ಧಡ್ ಧಡ್ ಎಂದು ಗುದ್ದು ಬಿತ್ತು. ಒಲೆ ಮುಂದಿದ್ದವರೆಲ್ಲ ಕೈಯಲ್ಲಿದ್ದದ್ದನ್ನು ಬಿಟ್ಟು ಗೋಡೆಯತ್ತ ತಿರುಗಿದರು.

"ಅಕ್ಕಾ, ಸಾಕು. ಬೆನ್ನು ಬೇಯ್ತದೆ. ಮಗು ಬೆವರ್ತಾ ಉಂಟು."

ನೀಲಾವತಿ ಸೆರಗನ್ನು ಬಾಯಿಗೆ ಒತ್ತಿಕೊಂಡು ನಕ್ಕಳು. ಗಂಡ ಸತ್ತ ಮೇಲೆ ಮೊದಲ ಸಲ. "ತಿರುಗಿ ಮಲಗಲು ಹೇಳು" ಅಂದಳು. ಅಂದು, ಒಂದು ಕೊಳ್ಳಿಯನ್ನು ಹಿಂದಕ್ಕೆ ಎಳೆದಳು.

ಮಗು ಈಗ ಅಂಬೆಗಾಲಿಡುತ್ತದೆ. ನೀಲಾವತಿಯ ಮನೆಗೆ ಅಟ್ಟ ಇಲ್ಲ. ಮತ್ತೆ ಮರಗಸಿ ಶುರುವಾಗಿದೆ, ಲಾರಿಯೂ ಬಂದು ನಿಂತಿದೆ.

ನೀವು ನಮ್ಮ ಕಡೆ ಬರುತ್ತೀರಿ, ಹೋಂಸ್ಟೇಯಲ್ಲಿ ಇಳಿಯುತ್ತೀರಿ. ಬನ್ನಿ. ಸಂಜೆ ನಿಮಗೆಂದು ಸೌದೆ ಒಟ್ಟುವವನನ್ನು ಕೇಳಿ: ಇದು ಯಾವ ತೋಟದ್ದು, ಆ ತೋಟದ ಲೈನಿಗೆ ಸೌದೆ ಹಾಕಿಸಿದ್ದಾರಾ? ಅವನಿಗೆ ಗೊತ್ತಿಲ್ಲದಿದ್ದರೆ ಮಾಲೀಕರನ್ನು ಕೇಳಿ. ಉತ್ತರ ಸಿಗುವ ತನಕ ಬೆಂಕಿ ಹಚ್ಚಲು ಬಿಡಬೇಡಿ. ಚಳಿಯಾದರೆ ಹೊದ್ದುಕೊಂಡು ಕೂತುಕೊಳ್ಳಿ.