ಕೂಸಿನ ಕುಣಿಗೆ ಉಪ್ಪು

“ಅಕ್ಕಾರ, ಮನ್ಯಾಗ ಉಪ್ಪು ಇದ್ರ ಕೊಡ್ರಿ. ಕೂಸಿನ ಕುಣಿಗಿ ಬೇಕಾಗ್ಯದ.”

ನೆರೆಮನೆಯ ಬಸಣ್ಣ ಬಾಗಿಲಲ್ಲಿ ನಿಂತು ಅವ್ವನನ್ನು ಕೇಳಿದಾಗ, ಶಹಾಪುರದ ಶಾಲೆಯಲ್ಲಿ ಮಾಸ್ತರರು ಹೇಳಿದ್ದನ್ನು ನಾನು ಒಳಗೆ ಕೂತು ದಿನಚರಿಯಲ್ಲಿ ಬರೆಯುತ್ತಿದ್ದೆ. ಉಪ್ಪಿಗೆ ಫ್ರೆಂಚರು ಸೆಲ್ ಎನ್ನುತ್ತಾರೆ, ಜರ್ಮನರು ಜಾಲ್ಟ್ಸ್. ಇಂಗ್ಲಿಷರ ಸ್ಯಾಲರಿ, ಸಲಾಡ್, ಸಾಸ್ ಎಲ್ಲ ಹುಟ್ಟಿದ್ದು ಉಪ್ಪಿನಿಂದಲೇ.

ಬಸಣ್ಣನ ಎಳೆಗೂಸು ಬೆಳಿಗ್ಗೆ ತೀರಿಕೊಂಡಿತ್ತು. ಕುಣಿ ತೋಡಿ, ಅದರಲ್ಲಿ ಉಪ್ಪು, ವಿಭೂತಿ ಹಾಕಿ ಹೂಳುವುದು ಅವರ ಪದ್ಧತಿ. ಯುದ್ಧ ಶುರುವಾದ ಮೇಲೆ ಬಜಾರಿನಲ್ಲಿ ಉಪ್ಪು ಸಿಗುವುದೇ ಕಷ್ಟವಾಗಿತ್ತು. ಅವ್ವ ಗಡಿಗೆಯನ್ನೇ ತಂದು ಅವನ ಧೋತರದ ಸೆರಗಿಗೆ ಸುರಿಯತೊಡಗಿದಳು.

“ಅರ್ಧ ಸಾಕ್ರಿ,” ಎಂದು ಅವನು ಅವಳ ಕೈ ತಡೆದ. “ಕುಣಿ ಸಣ್ಣದದ.” ಸೆರಗನ್ನು ಗಂಟು ಕಟ್ಟಿಕೊಂಡು ಹೊರಟ.

ಗಡಿಗೆಯಲ್ಲಿ ಅರ್ಧ ಉಳಿದಿದ್ದರೂ ಅವ್ವ ಆ ಸಂಜೆ ಬೇಳೆಗೆ ಉಪ್ಪು ಹಾಕಲಿಲ್ಲ. ನಾವು ಸಪ್ಪೆ ಬೇಳೆಯನ್ನೇ ಉಂಡೆವು. ಈಗ ಸೆಲ್ ಎಂದರೂ ಜಾಲ್ಟ್ಸ್ ಎಂದರೂ ನನಗೆ ಕಾಣುವುದು ಬಸಣ್ಣನ ಸೆರಗಿನ ಆ ಗಂಟು.